ನಕ್ಷೆ ಮೇಲೆ 1570 ಅಂತಿದೆ, ಸರಿ. ಹಾಳೆ ಯಾವಾಗಿನದು?

ಹಳೇ ಕಾಗದ ರಿಪೇರಿ ಮಾಡುವುದು ನನ್ನ ಕೆಲಸ. ಪತ್ರ, ಪುಸ್ತಕ, ಜಾತಕ ಎಲ್ಲ ಬರುತ್ತವೆ, ಯಾರ ಜೊತೆಗೂ ತಕರಾರಿಲ್ಲ. ಹಳೇ ನಕ್ಷೆ ತರುವವರ ಜೊತೆ ಮಾತ್ರ ಅದೇ ಜಗಳ ಮತ್ತೆ ಮತ್ತೆ. ಹದಿನಾರನೇ ಶತಮಾನದ ನಕ್ಷೆಗಾರ ಆರ್ಟೆಲಿಯಸ್ ಮಾಡಿದ ಆಫ್ರಿಕಾ ನಕ್ಷೆಯನ್ನು ಮೇಜಿನ ಮೇಲೆ ಹರವುತ್ತಾರೆ, ಬೆರಳಿಟ್ಟು ತೋರಿಸುತ್ತಾರೆ: "ಇಲ್ಲೇ ಬರೆದಿದೆಯಲ್ಲ ಮೇಡಂ, 1570." ಬರೆದಿದೆ, ನನಗೂ ಕಾಣುತ್ತದೆ. ಆದರೆ ಅದು ನಕ್ಷೆ ಅಚ್ಚು ಹಾಕಿದ ತಾಮ್ರದ ತಗಡಿನ ವರ್ಷ. ನಿಮ್ಮ ಕೈಲಿರುವ ಹಾಳೆಯ ವರ್ಷ ಬೇರೆ ಇರಬಹುದು.

ಅಜ್ಜಿಯ ಹಿತ್ತಾಳೆ ಚಕ್ಕುಲಿ ಒರಳಿನ ಮೇಲೆ 1962 ಅಂತ ಕೆತ್ತಿಸಿದ್ದಾರೆ ಅಂದುಕೊಳ್ಳಿ. ಕಳೆದ ದೀಪಾವಳಿಗೆ ಒತ್ತಿದ ಚಕ್ಕುಲಿ 1962ರದ್ದಾಗುತ್ತದಾ? ಇಲ್ಲ ಅಲ್ವಾ. ಇಲ್ಲೂ ಅಷ್ಟೇ. ತಗಡಿನ ಮೇಲೆ ನಕ್ಷೆಯನ್ನು ತಿರುಗುಮುರುಗಾಗಿ ಕೊರೆಯುತ್ತಿದ್ದರು, ಗೀರುಗಳಿಗೆ ಮಸಿ ತುಂಬಿ ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಒತ್ತುತ್ತಿದ್ದರು, ಬೇಡಿಕೆ ಬಂದಾಗ ಅದೇ ತಗಡನ್ನು ಮತ್ತೆ ತೆಗೆಯುತ್ತಿದ್ದರು. ಈ ಆಫ್ರಿಕಾ ನಕ್ಷೆಗೆ ಇದ್ದದ್ದು ಒಂದೇ ತಗಡು. 1570ರಿಂದ 1612ರವರೆಗೆ ಅದರಿಂದಲೇ ಅಚ್ಚಾಯಿತು. ಆರ್ಟೆಲಿಯಸ್ ತೀರಿಕೊಂಡದ್ದು 1598ರಲ್ಲಿ. ಅಂದರೆ ಎಷ್ಟೋ ಹಾಳೆಗಳು ಅವನು ಹೋದ ಮೇಲಿನವು, ಮತ್ತು ಅವುಗಳ ಮೇಲೂ 1570 ಅಂತಲೇ ಇದೆ. ಅಮೆರಿಕ ಖಂಡದ ಕಥೆ ಬೇರೆ. ಅದಕ್ಕೆ ಮೂರು ಬಾರಿ ತಗಡು ಕೊರೆಸಿದರು. ಮೊದಲೆರಡರಲ್ಲಿ ಚಿಲಿಯ ಕಡೆ ಕರಾವಳಿ ಹೊಟ್ಟೆ ಬಂದ ಹಾಗೆ ಉಬ್ಬಿದೆ, 1587ರ ಮೂರನೆಯದರಲ್ಲಿ ಉಬ್ಬು ಹೋಗಿದೆ. ಅಲ್ಲಿ ಉಬ್ಬು ನೋಡಿಯೇ ಒಂದಿಷ್ಟು ಹೇಳಬಹುದು. ಆಫ್ರಿಕಾದಲ್ಲಿ ಆ ಅನುಕೂಲ ಇಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಹಿಂದೆ. ನಕ್ಷೆಯ ಬೆನ್ನು ನೋಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಇವು ಆರ್ಟೆಲಿಯಸ್‌ನ ಅಟ್ಲಾಸ್, ಅಂದರೆ ನಕ್ಷೆ ಪುಸ್ತಕದ ಹಾಳೆಗಳು. ನಕ್ಷೆ ತಗಡಿನಿಂದ ಬಂದರೆ, ಹಿಂಬದಿಯ ವಿವರಣೆ ಅಚ್ಚುಮೊಳೆ ಜೋಡಿಸಿ ಒತ್ತಿದ್ದು. ಪುಸ್ತಕ ಲ್ಯಾಟಿನ್, ಡಚ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್, ಇಟಾಲಿಯನ್ ಇಷ್ಟು ಭಾಷೆಗಳಲ್ಲಿ ಬಂತು. ಒಬ್ಬ ನಿವೃತ್ತ ಇಂಜಿನಿಯರ್ ತಂದ ಹಾಳೆಯ ಹಿಂದೆ ಇಟಾಲಿಯನ್ ಇತ್ತು. ಈ ದೊಡ್ಡ ಅಟ್ಲಾಸ್ ಇಟಾಲಿಯನ್‌ನಲ್ಲಿ ಬಂದದ್ದು 1608 ಮತ್ತು 1612ರಲ್ಲಿ. "ಹಾಗಾದ್ರೆ ಡೂಪ್ಲಿಕೇಟಾ?" ಅಂದರು, ಮುಖ ಸಣ್ಣಗಾಯಿತು. ಅಲ್ಲ ಸ್ವಾಮಿ, ಅದೇ ತಗಡು, ಅಚ್ಚಾದದ್ದೂ ಅದೇ ಊರು, ಈಗಿನ ಬೆಲ್ಜಿಯಂನ ಆಂಟ್‌ವರ್ಪ್, ನಾನೂರು ವರ್ಷದ ಅಸಲಿ ಕಾಗದ! ಮಗ ಅರವತ್ತಕ್ಕೆ ಅಂತ ಕೊಟ್ಟ ಉಡುಗೊರೆ. ಪಾಪ, ಮಗನಿಗೆ ಹೇಗೆ ಹೇಳುವುದು ಅನ್ನುವುದೇ ಅವರ ಚಿಂತೆ. ಕಾಫಿ ತರಿಸಿ, ಆ ಹಾಳೆಯನ್ನು ಬೆಳಕಿಗೆ ಹಿಡಿದು, ಹಳೇ ಕೈಕಾಗದದಲ್ಲಿ ಕಾಣುವ ಗೆರೆಗಳನ್ನು ತೋರಿಸಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಬರೀ ಭಾಷೆ ನೋಡಿ ವರ್ಷ ಹೇಳಿಬಿಡಬೇಡಿ ಮತ್ತೆ. ಲ್ಯಾಟಿನ್‌ನಲ್ಲೇ ಹಲವು ಸಲ ಅಚ್ಚಾಗಿದೆ. ಪುಟದ ಸಂಖ್ಯೆ ಏನು, ಸಾಲು ಎಲ್ಲಿ ಮುರಿದಿದೆ ಅಂತ ಗೊತ್ತಿರುವ ಪ್ರತಿಗಳ ಜೊತೆ ಹೋಲಿಸಬೇಕು. ಹಿಂದೆ ಏನೂ ಇಲ್ಲದಿದ್ದರೆ ನಾನು ಹುಷಾರಾಗುತ್ತೇನೆ, ಆದರೆ ಅಷ್ಟಕ್ಕೇ ನಕಲಿ ಅನ್ನುವುದಿಲ್ಲ. ಭೂತಗನ್ನಡಿಯಲ್ಲಿ ಬಣ್ಣ ಸಣ್ಣ ಸಣ್ಣ ಚುಕ್ಕೆಯಾಗಿ ಕಂಡರೆ ಮಾತ್ರ ಅದು ಈಚಿನ ಮುದ್ರಣ, ಮಾತಿಲ್ಲ. ವಾಟ್ಸಾಪ್ ಫೋಟೋ ನೋಡಿ ನಾನು ಏನೂ ಹೇಳುವುದಿಲ್ಲ.

ಆರ್ಟೆಲಿಯಸ್ ಬಗ್ಗೆ ನನಗೆ ಪ್ರೀತಿ ಇದೆ. ಆಂಟ್‌ವರ್ಪ್‌ನವನು. ನಕ್ಷೆಗಳಿಗೆ ಬಣ್ಣ ಹಚ್ಚುತ್ತಾ ಶುರು ಮಾಡಿದವನು, ಸಿಕ್ಕವರ ನಕ್ಷೆಗಳನ್ನೆಲ್ಲ ಒಂದೇ ಅಳತೆಗೆ ತಂದು 53 ಹಾಳೆಗಳ ಪುಸ್ತಕ ಮಾಡಿದ. ಯಾರ ಯಾರ ನಕ್ಷೆ ಬಳಸಿಕೊಂಡೆ ಅಂತ ಪಟ್ಟಿಯನ್ನೂ ಕೊಟ್ಟ. ಆ ಕಾಲಕ್ಕೆ ಇದು ದೊಡ್ಡತನ. ಆಫ್ರಿಕಾ ನಕ್ಷೆಯ ಮೂಲೆಯಲ್ಲಿ ಹಡಗುಗಳು ಕಾದಾಡುತ್ತವಲ್ಲ, ಅವು 1562ರಲ್ಲಿ ಸ್ಪೇನಿನ ನಕ್ಷೆಗಾರ ಗುಟಿಯೆರೆಸ್ ಮಾಡಿದ ಅಮೆರಿಕ ನಕ್ಷೆಯಿಂದ ಬಂದವು. ಆಫ್ರಿಕಾ ನಕ್ಷೆಯಲ್ಲಿ ನೈಲ್ ನದಿ ದೂರದ ದಕ್ಷಿಣದ ಎರಡು ಸರೋವರಗಳಿಂದ ಹೊರಡುತ್ತದೆ, ಪ್ರಾಚೀನ ಭೂಗೋಳಜ್ಞ ಟಾಲೆಮಿ ಕಾಲದಿಂದ ಬಂದ ನಂಬಿಕೆ ಅದು.

ನಿಜವಾದ ಸಿಟ್ಟು ನನಗೆ ಫ್ರೇಮ್ ಹಾಕುವವರ ಮೇಲೆ. ನಕ್ಷೆ ಚೆನ್ನಾಗಿ ಕೂರಲಿ ಅಂತ ಹಿಂದೆ ಪೂರ್ತಿ ಅಂಟು ಬಳಿದು ರಟ್ಟಿಗೆ ಹಚ್ಚುತ್ತಾರೆ, ಅಂಚು ಕತ್ತರಿಸಿ ತಗಡು ಒತ್ತಿದ ಗುರುತನ್ನೂ ತೆಗೆದುಬಿಡುತ್ತಾರೆ. ಬೆನ್ನು ಮುಚ್ಚಿತು ಅಂದರೆ ವಯಸ್ಸು ಹೇಳುವ ದಾರಿ ಮುಚ್ಚಿದ ಹಾಗೆ. ಬಿಡಿಸಬಹುದು, ಕೆಲವು ಸಲ, ಜಾಸ್ತಿ ಖರ್ಚು, ಮತ್ತು ಹಳೇ ಹಸಿರು ಬಣ್ಣ ಇರುವ ಕಡೆ ಕಾಗದ ಮೊದಲೇ ತಿಂದುಹೋಗಿರುತ್ತದೆ, ಅದರಲ್ಲಿ ತಾಮ್ರ ಇರುತ್ತದೆ. ಅಲ್ಲಿ ನೀರು ಮುಟ್ಟಿಸಲು ನನಗೇ ಭಯ.

ಕೊಳ್ಳುವ ಮೊದಲು ಮಾರುವವರಿಗೆ ಹಿಂಬದಿಯ ಫೋಟೋ ಕೇಳಿ. ಕೊಡುವುದಿಲ್ಲ ಅಂದರೆ ಬಿಟ್ಟುಬಿಡಿ. ಹಿಂದೆ ಪೆನ್ಸಿಲ್‌ನಲ್ಲಿ ಯಾರೋ ಗೀಚಿದ್ದರೆ ರಬ್ಬರ್ ಹಾಕಬೇಡಿ. ಬೆಲೆ ಎಷ್ಟಾಗುತ್ತದೆ ಅಂತ ನನ್ನನ್ನು ಕೇಳಬೇಡಿ, ಅದಕ್ಕೆ ಬೇರೆಯವರಿದ್ದಾರೆ.