ಮಟನ್ ಸಾಸೇಜಿನಲ್ಲಿ ಹಂದಿ ಕೊಬ್ಬು: ಪಾಮಿಟಿಕ್ ಆಮ್ಲ ಕೂತ ಜಾಗದಿಂದ ಪತ್ತೆ

ಕುರಿ ಮಾಂಸದ ಸಾಸೇಜಿಗೋ ಖೀಮಾಕ್ಕೋ ಹಂದಿ ಕೊಬ್ಬು ಬೆರೆಸಿದ್ದಾರೆಯೇ ಎಂದಾಗ ಮೊದಲು ಹೊಳೆಯುವುದು ಡಿಎನ್‌ಎ ಪತ್ತೆಮಾಡುವ ಪಿಸಿಆರ್ ಪರೀಕ್ಷೆ. ಬೆರೆಸಿದ್ದು ಮಾಂಸವಾದರೆ ಅದೇ ಸರಿಯಾದ ದಾರಿ. ಆದರೆ ಕಾಯಿಸಿ ಸೋಸಿದ ಕೊಬ್ಬಿನಲ್ಲಿ ಡಿಎನ್‌ಎ ಉಳಿಯುವುದು ತೀರಾ ಕಡಿಮೆ, ಉಳಿದದ್ದೂ ಚೂರುಚೂರು. ಮೈಟೋಕಾಂಡ್ರಿಯದ ಜೀನಿನಿಂದ 150 ಬೇಸ್ ಜೋಡಿಗಿಂತ ಚಿಕ್ಕ ತುಣುಕನ್ನು ಆರಿಸಿದರೂ ಫಲಿತಾಂಶ ನೆಗೆಟಿವ್ ಬರಬಹುದು. ಅದನ್ನು ‘ಹಂದಿ ಕೊಬ್ಬು ಇಲ್ಲ’ ಎಂದು ಓದಬಾರದು. ಕೊಬ್ಬನ್ನೇ ಪರೀಕ್ಷಿಸಬೇಕು.

ಕೊಬ್ಬಿನಾಮ್ಲಗಳ ಒಟ್ಟು ಪ್ರಮಾಣ ನೋಡಿದರೆ ಸಾಲದೇ? ಸಾಲದು. ಕೊಬ್ಬಿನಾಮ್ಲಗಳಲ್ಲಿ ಒಂದಾದ ಪಾಮಿಟಿಕ್ ಆಮ್ಲ ಕುರಿ, ಹಂದಿ ಎರಡರಲ್ಲೂ ಸುಮಾರು ಶೇ. 25. ಹಂದಿಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ನಿಜ. ಆದರೆ ಹಂದಿ ಮೆಲುಕು ಹಾಕುವ ಪ್ರಾಣಿಯಲ್ಲ, ತಿಂದ ಮೇವಿನ ಎಣ್ಣೆ ಹೆಚ್ಚು ಬದಲಾಗದೆ ಕೊಬ್ಬಿಗೆ ಸೇರುತ್ತದೆ. ಮೇವು ಬದಲಾದರೆ ಅಂಕಿಯೂ ಬದಲಾಗುತ್ತದೆ.

ಮೇವಿಗೆ ಅಷ್ಟಾಗಿ ಬಗ್ಗದ ಗುರುತು ಇನ್ನೊಂದಿದೆ. ಕೊಬ್ಬಿನ ಅಣು ಎಂದರೆ ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲ ಅಂಟಿದ ಟ್ರೈಗ್ಲಿಸರೈಡ್. ಗ್ಲಿಸರಾಲ್‌ನ ಮೂರು ಸ್ಥಾನಗಳಲ್ಲಿ ನಡುವಿನ, ಅಂದರೆ 2ನೇ ಸ್ಥಾನದಲ್ಲಿ ಹಂದಿ ಕೊಬ್ಬಿನಲ್ಲಿ ಪಾಮಿಟಿಕ್ ಆಮ್ಲವೇ ಸುಮಾರು ಶೇ. 70. ಕುರಿ, ದನದ ಕೊಬ್ಬಿನಲ್ಲಿ ಅಲ್ಲಿ ಹೆಚ್ಚಾಗಿ ಓಲಿಯಿಕ್ ಆಮ್ಲ. ಪಾಮಿಟಿಕ್ ಸುಮಾರು ಶೇ. 15–20.

ಕೊಬ್ಬು ತೆಗೆಯಲು 10 ಗ್ರಾಂ ಅರೆದ ಮಾದರಿಗೆ ಕ್ಲೋರೋಫಾರ್ಮ್–ಮೆಥನಾಲ್ (2:1) 200 ಮಿ.ಲೀ. ಹಾಕಿ ಚೆನ್ನಾಗಿ ಕಲಸಿ, ಸೋಸಿ. ಸೋಸಿದ್ದಕ್ಕೆ ಅದರ ಐದನೇ ಒಂದು ಭಾಗದಷ್ಟು ಶೇ. 0.88ರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಸೇರಿಸಿದರೆ ಎರಡು ಪದರ ಬೀಳುತ್ತದೆ, ಕೊಬ್ಬು ಕೆಳಗಿನದರಲ್ಲಿ. ನೀರಿಲ್ಲದ ಸೋಡಿಯಂ ಸಲ್ಫೇಟ್‌ನಿಂದ ಒಣಗಿಸಿ, ದ್ರಾವಕ ಆರಿಸಿ. ಮಾಂಸ ಹಳೆಯದಾಗಿದ್ದರೆ ಬಿಡಿ ಆಮ್ಲ, ಒಂದೇ ಆಮ್ಲ ಉಳಿದ ಮಾನೋಗ್ಲಿಸರೈಡ್ ಮೊದಲೇ ಇರುತ್ತವೆ. ಕಾಲಮ್‌ನಲ್ಲಿ ಹಾಯಿಸಿ ಟ್ರೈಗ್ಲಿಸರೈಡನ್ನಷ್ಟೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಮುಂದೆ ಅವನ್ನೂ ಲೈಪೇಸ್ ಎಂಬ ಕಿಣ್ವ ಬಿಡಿಸಿದ್ದೆಂದೇ ಎಣಿಸುತ್ತೀರಿ.

ಲೈಪೇಸ್ ತುದಿಯ ಎರಡು ಆಮ್ಲಗಳನ್ನು ಬಿಡಿಸಿ ನಡುವಿನದನ್ನು ಉಳಿಸುತ್ತದೆ; ತಪ್ಪಾಗುವುದು ಹೆಚ್ಚಾಗಿ ಈ ಹಂತದಲ್ಲಿ. 100 ಮಿ.ಗ್ರಾಂ ಶುದ್ಧ ಕೊಬ್ಬು, 20 ಮಿ.ಗ್ರಾಂ ಪ್ಯಾಂಕ್ರಿಯಾಟಿಕ್ ಲೈಪೇಸ್, ಪಿಎಚ್ 8ರ ಟ್ರಿಸ್ ಬಫರ್ 2 ಮಿ.ಲೀ., ಜೊತೆಗೆ ಸ್ವಲ್ಪ ಪಿತ್ತಲವಣ, ಕ್ಯಾಲ್ಸಿಯಂ ಕ್ಲೋರೈಡ್. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಕೈಯಲ್ಲಿ, ಎರಡು ನಿಮಿಷ ಜೋರಾಗಿ ಕುಲುಕಿ, ಕೂಡಲೇ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನಿಲ್ಲಿಸಿ. ಹೊತ್ತು ಮೀರಿದರೆ ನಡುವಿನ ಆಮ್ಲ ತುದಿಗೆ ಜಾರುತ್ತದೆ, ಪರೀಕ್ಷೆಯೇ ವ್ಯರ್ಥ. ಕುರಿ ಕೊಬ್ಬು 40 ಡಿಗ್ರಿಯಲ್ಲಿ ಪೂರ್ತಿ ಕರಗದೆ ಹರಳಾಗಿ ನಿಂತರೆ ಲೈಪೇಸ್‌ಗೆ ಸಿಗುವುದಿಲ್ಲ. ಸ್ವಲ್ಪ ಹೆಕ್ಸೇನ್ ಸೇರಿಸಿ. ಈಥರ್‌ಗೆ ಇಳಿಸಿಕೊಂಡು ಟಿಎಲ್‌ಸಿ (ತೆಳುಪದರ ಕ್ರೊಮಟೋಗ್ರಫಿ) ಫಲಕದಲ್ಲಿ ಬೇರ್ಪಡಿಸಿ, ಬುಡದ ಹತ್ತಿರ ನಿಲ್ಲುವ 2-ಮಾನೋಗ್ಲಿಸರೈಡ್ ಪಟ್ಟಿಯನ್ನು ಕೆರೆದು, ಮೀಥೈಲ್ ಎಸ್ಟರ್ ಮಾಡಿ ಜಿಸಿಗೆ (ಗ್ಯಾಸ್ ಕ್ರೊಮಟೋಗ್ರಫಿ) ಹಾಕಿ. ಮೂಲ ಕೊಬ್ಬಿನದೂ ಒಂದು ಎಸ್ಟರ್ ಬೇಕು. ಆಂತರಿಕ ಮಾನಕವಾಗಿ (ಹೋಲಿಕೆಗೆಂದು ತೂಗಿ ಹಾಕುವ ವಸ್ತು) 17 ಇಂಗಾಲದ ಸಿ17:0 ಆಮ್ಲ ಬೇಡ, ಕುರಿ ಕೊಬ್ಬಿನಲ್ಲಿ ಅದು ಸಹಜವಾಗಿಯೇ ಇದೆ.

ಲೆಕ್ಕ ಸುಲಭ: 2ನೇ ಸ್ಥಾನದ ಪಾಮಿಟಿಕ್ ಶೇಕಡಾವನ್ನು ಒಟ್ಟು ಪಾಮಿಟಿಕ್ ಶೇಕಡಾದಿಂದ ಭಾಗಿಸಿ. ಕುರಿಗೆ 17/25 = 0.68; ಹಂದಿಗೆ 70/25 = 2.8. ಕುರಿ ಕೊಬ್ಬಿಗೆ ಶೇ. 10 ಹಂದಿ ಕೊಬ್ಬು ಬೆರೆತರೆ 2ನೇ ಸ್ಥಾನದಲ್ಲಿ 15.3 + 7 = 22.3, ಅನುಪಾತ 0.89. ಶೇ. 2–3ರ ಬೆರಕೆ ಮಾತ್ರ ಪ್ರಾಣಿಯಿಂದ ಪ್ರಾಣಿಗಿರುವ ಸಹಜ ವ್ಯತ್ಯಾಸದಲ್ಲೇ ಮುಚ್ಚಿಹೋಗುತ್ತದೆ.

ಪಾಮ್ ಎಣ್ಣೆಯ ವಿಷಯದಲ್ಲಿ ಎಚ್ಚರ. ಅದರಲ್ಲಿ ಒಟ್ಟು ಪಾಮಿಟಿಕ್ ಶೇ. 44ರ ಆಸುಪಾಸು, ನಡುವಿನ ಸ್ಥಾನದಲ್ಲಿ ತೀರಾ ಕಡಿಮೆ. ಸಾಸೇಜಿಗೆ ಅದನ್ನು ಸೇರಿಸಿದ್ದರೆ ಅನುಪಾತ ಕುಸಿದು ಹಂದಿ ಕೊಬ್ಬು ಮರೆಯಾಗುತ್ತದೆ. ಅದಕ್ಕೇ ಒಟ್ಟು ಆಮ್ಲಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಅನುಪಾತ ಓದಬೇಕು, ಮತ್ತು ಪ್ರತಿ ಬಾರಿಯೂ ನೀವೇ ತೂಗಿ ಬೆರೆಸಿದ ಶೇ. 0, 5, 10, 20ರ ಮಾದರಿಗಳನ್ನು ಜೊತೆಯಲ್ಲೇ ಓಡಿಸಬೇಕು.