ಕತ್ತಲಲ್ಲಿ ನಿಂತ ಕಬ್ಬಿನ ಟ್ರೇಲರ್ ಮುಂದೆ ಕಾರು ತಾನೇ ಬ್ರೇಕ್ ಹಾಕುತ್ತಾ?

ಓದುಗರ ಪ್ರಶ್ನೆ: ನಾವು ಕಲಬುರಗಿಯವರು. ಹೊಸ ಕಾರು ನೋಡ್ತಾ ಇದ್ದೇವೆ. ಅಡಾಸ್ (ಚಾಲಕನಿಗೆ ನೆರವಾಗುವ, ಅಪಾಯ ಕಂಡರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರೋ ಮಾಡೆಲ್‌ಗೆ ಜಾಸ್ತಿ ದುಡ್ಡು. ರಾತ್ರಿ ಹುಮನಾಬಾದ್ ಕಡೆಯಿಂದ ಬರುವಾಗ ಲೈಟಿಲ್ಲದ ಕಬ್ಬಿನ ಟ್ರೇಲರ್ ರಸ್ತೆ ಮೇಲೆ ನಿಂತಿದ್ದರೆ ಕಾರು ತಾನೇ ನಿಲ್ಲುತ್ತಾ?

ಉತ್ತರ: ನಿಂತರೂ ನಿಲ್ಲಬಹುದು, ಆದರೆ ಅದನ್ನು ನಂಬಿ ಗಾಡಿ ಓಡಿಸಬೇಡಿ. ನೀವು ಕೇಳಿರುವುದು ಈ ತಂತ್ರಜ್ಞಾನಕ್ಕೆ ತುಂಬಾ ಕಷ್ಟದ ಪರೀಕ್ಷೆ.

ಇಂಥ ಕಾರಿಗೆ ಸಾಮಾನ್ಯವಾಗಿ ಎರಡು ಕಣ್ಣು. ಒಳಗೆ ಕನ್ನಡಿಯ ಹತ್ತಿರ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಒಂದು ಕ್ಯಾಮೆರಾ. ಬಂಪರ್‌ನಲ್ಲೋ ಕಂಪನಿ ಲೋಗೋ ಹಿಂದೋ ಒಂದು ರಾಡಾರ್. ಎದುರಿನ ವಸ್ತು ಎಷ್ಟು ದೂರ ಇದೆ, ಎಷ್ಟು ಬೇಗ ಹತ್ತಿರ ಬರ್ತಿದೆ ಅನ್ನೋದನ್ನ ರಾಡಾರ್ ಹೇಳುತ್ತದೆ. ಅದಕ್ಕೆ ಕತ್ತಲಾದರೇನು, ಬೆಳಕಾದರೇನು. ಆ ವಸ್ತು ಕಾರೋ, ಬೈಕೋ, ಮನುಷ್ಯನೋ ಅನ್ನೋದನ್ನ ಕ್ಯಾಮೆರಾ ಹೇಳಬೇಕು. ಡಿಕ್ಕಿ ಆಗುತ್ತೆ ಅನ್ನಿಸಿದರೆ ಮೊದಲು ಬೀಪ್ ಸದ್ದು. ನೀವು ಬ್ರೇಕ್ ಒತ್ತದಿದ್ದರೆ ಕಾರೇ ಒತ್ತುತ್ತದೆ.

ತೊಡಕು ಇರುವುದು ನಿಂತ ವಸ್ತುಗಳಲ್ಲಿ. ರಸ್ತೆ ಬದಿಯ ಬೋರ್ಡು, ಸೇತುವೆ, ಕಬ್ಬಿಣದ ಕಟಾಂಜನ ಎಲ್ಲವೂ ರಾಡಾರ್ ಅಲೆಯನ್ನು ವಾಪಸ್ ಕಳಿಸುತ್ತವೆ. ಅವೆಲ್ಲಕ್ಕೂ ಕಾರು ಗಕ್ಕನೆ ನಿಂತರೆ ಹಿಂದಿನ ಲಾರಿ ಬಂದು ಗುದ್ದುತ್ತದೆ. ಅದಕ್ಕೇ ನಿಂತ ವಸ್ತು ಕಂಡಾಗ ಸಾಫ್ಟ್‌ವೇರ್ ಸುಲಭಕ್ಕೆ ಒಪ್ಪುವುದಿಲ್ಲ, ಕ್ಯಾಮೆರಾ ಹೂಂ ಅನ್ನಲಿ ಅಂತ ಕಾಯುತ್ತದೆ. ಕ್ಯಾಮೆರಾ ಕಲಿತಿರುವುದು ಸಾವಿರಾರು ಚಿತ್ರಗಳಿಂದ: ಎರಡು ಕೆಂಪು ದೀಪ, ನಂಬರ್ ಪ್ಲೇಟ್, ಚೌಕಾದ ಹಿಂಭಾಗ. ಈಗ ನಮ್ಮ ಕಬ್ಬಿನ ಟ್ರೇಲರ್ ನೆನಪಿಸಿಕೊಳ್ಳಿ. ಕಬ್ಬಿನ ಸೋಗೆ ಹಿಂದಕ್ಕೆ ಜೋತು ಬಿದ್ದು ದೀಪ, ಪ್ಲೇಟ್ ಎಲ್ಲಾ ಮುಚ್ಚಿರುತ್ತದೆ. ಡಿಮ್ ಲೈಟಿನಲ್ಲಿ ಕಾಣುವುದು ಕಂದು ಬಣ್ಣದ ಒಂದು ಗುಡ್ಡೆ ಮಾತ್ರ. ಅದು ಗಾಡಿ ಅಂತ ಗುರುತಾಗುವ ಹೊತ್ತಿಗೆ ತೀರಾ ಹತ್ತಿರ ಬಂದಿರುತ್ತೀರಿ.

ಗುರುತು ಹಿಡಿಯುವುದರಲ್ಲಿ ಎಡವಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಟೆಂಪೆ ನಗರದ ಘಟನೆ ನೋಡಿ. 2018ರ ಮಾರ್ಚ್ ತಿಂಗಳ ಒಂದು ರಾತ್ರಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್ ಕಂಪನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು ಡಿಕ್ಕಿ ಹೊಡೆಯಿತು. ಆಕೆ ತೀರಿಕೊಂಡರು. ಕಾರಿಗೆ ಆಕೆ ಐದು ಸೆಕೆಂಡಿಗೂ ಮೊದಲೇ ಕಂಡಿದ್ದರು. ಆದರೆ ಒಮ್ಮೆ ವಾಹನ, ಒಮ್ಮೆ ಬೇರೇನೋ, ಒಮ್ಮೆ ಸೈಕಲ್ ಅಂತ ಅದು ಲೆಕ್ಕ ಬದಲಿಸುತ್ತಲೇ ಹೋಯಿತು. ಆ ವೋಲ್ವೋ ಕಾರಿನ ಸ್ವಂತ ತುರ್ತು ಬ್ರೇಕನ್ನು ಪ್ರಯೋಗದ ಹೊತ್ತಿಗೆ ಬಂದ್ ಮಾಡಿ ಇಟ್ಟಿದ್ದರು. ನನ್ನನ್ನು ಈಗಲೂ ಕಾಡುವುದು ಆ ಐದು ಸೆಕೆಂಡು.

ಸ್ವಲ್ಪ ಲೆಕ್ಕ ಹಾಕೋಣ. 80ರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಡಿಮ್ ಲೈಟಿನಲ್ಲಿ ನಿಮಗೆ 50 ಮೀಟರ್ ಕಾಣುತ್ತೆ ಅಂದುಕೊಳ್ಳಿ. ನೋಡಿ, ಗಾಬರಿಯಾಗಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ 35 ಮೀಟರ್ ಬೇಕು. ಸಾಲುವುದಿಲ್ಲ. ಕಾರೇ 30 ಮೀಟರ್‌ನಲ್ಲಿ ಗುರುತು ಹಿಡಿದು ತಕ್ಷಣ ಬ್ರೇಕ್ ಹಾಕಿತು ಅನ್ನಿ, ಆಗಲೂ ಸುಮಾರು 30ರ ವೇಗದಲ್ಲಿ ಬಡಿಯುತ್ತದೆ.

ಹಾಗಂತ ದುಡ್ಡು ದಂಡ ಅಲ್ಲ. ವೇಗ ಅರ್ಧವಾದರೆ ಹೊಡೆತದ ಶಕ್ತಿ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೆಲ್ಟ್ ಹಾಕಿದವರ ಜೀವ ಉಳಿಯುವುದು ಎಷ್ಟೋ ಸಲ ಇಲ್ಲೇ. ಹಗಲಿನಲ್ಲಿ, ಸೇಡಂ ರಸ್ತೆಯಂಥ ಟ್ರಾಫಿಕ್‌ನಲ್ಲಿ ಮುಂದಿನ ಕಾರು ಗಕ್ಕನೆ ನಿಂತಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೈಗೆ ಎಟಕುವಂತಿದ್ದರೆ ತಗೊಳ್ಳಿ ಅಂತಲೇ ನಾನು ಹೇಳುವುದು. ಆದರೆ ರಾತ್ರಿ ಎದುರು ಗಾಡಿಗೆ ಡಿಮ್ ಹಾಕಿದಾಗ 60ಕ್ಕೆ ಇಳಿಸಿ. ಆ ವೇಗದಲ್ಲಿ ಒಟ್ಟು 45 ಮೀಟರ್ ಸಾಕು, ನಿಮ್ಮ ಕಾಲೇ ಕಾರನ್ನು ನಿಲ್ಲಿಸುತ್ತದೆ.

ಡ್ರೈವರ್ ಇಲ್ಲದ ಕಾರು ಬೇರೆಯೇ ಮಾತು. ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇಮೋ ಕಂಪನಿಯ ಟ್ಯಾಕ್ಸಿಗಳು ಚಾಲಕನಿಲ್ಲದೆ ಓಡುತ್ತವೆ. ಅವಕ್ಕೆ ಲೈಡಾರ್ (ಲೇಸರ್ ಬೆಳಕಿನಿಂದ ಸುತ್ತಲಿನ ದೂರ ಅಳೆಯುವ ಸಾಧನ) ಇದೆ, ಆ ಊರಿನ ರಸ್ತೆಗಳ ವಿವರವಾದ ನಕ್ಷೆ ಇದೆ. ನಮ್ಮಲ್ಲಿ ಮಾರುವ ಅಡಾಸ್ ಕಾರುಗಳು ಹೆಚ್ಚೆಂದರೆ ಎರಡನೇ ಹಂತದವು, ಅಂದರೆ ಸ್ಟೀರಿಂಗ್, ಬ್ರೇಕಿಗೆ ನೆರವಾಗುತ್ತವೆ ಅಷ್ಟೇ, ರಸ್ತೆ ಮೇಲಿನ ಕಣ್ಣು ಚಾಲಕನದೇ ಇರಬೇಕು. ಹೊಣೆ ಪೂರ್ತಿ ಚಾಲಕನದೇ.

ಇನ್ನು ನಮ್ಮ ಕಡೆಯ ಸಂಗತಿ. ಸಂಜೆ ಅಫಜಲಪುರದ ಕಡೆ ಹೊರಟರೆ ಸೂರ್ಯ ನೇರ ಕ್ಯಾಮೆರಾ ಕಣ್ಣಿಗೇ ಹೊಡೆಯುತ್ತಾನೆ. ಗಾಜಿನ ಮೇಲೆ ಸಿಮೆಂಟ್ ಧೂಳು ಕೂತರಂತೂ ಅದು ಮಂಕು. ದಿನಾ ಒರೆಸಿ. ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಲೇಬೇಕು. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದರೆ ರಾಡಾರ್‌ಗೆ ಅಡ್ಡ, ಕಾನೂನಿಗೂ ವಿರುದ್ಧ. ಎಮ್ಮೆ, ದನ ಅಡ್ಡ ಬಂದರೆ ಗುರುತಿಸುತ್ತೆ ಅನ್ನೋ ಖಾತ್ರಿ ಇಲ್ಲ.

ನಿಮ್ಮದೇ ಕಬ್ಬು ಫ್ಯಾಕ್ಟರಿಗೆ ಹೋಗುತ್ತಿದ್ದರೆ ಇದನ್ನೂ ಮಾಡಿ. ಜೋತು ಬಿದ್ದ ಸೋಗೆಯ ಹೊರಗೆ ಕಾಣುವಂತೆ ಕೆಂಪು ರಿಫ್ಲೆಕ್ಟರ್ ಕಟ್ಟಿಸಿ. ಅದು ಹಿಂದೆ ಬರುವ ಮನುಷ್ಯನಿಗೂ ಕಾಣುತ್ತೆ, ಕ್ಯಾಮೆರಾಗೂ ಕಾಣುತ್ತೆ. ಟ್ರೇಲರ್ ಕೆಟ್ಟು ನಿಂತಾಗ ಗುರುತಿಗೆ ಇಟ್ಟ ಕಲ್ಲುಗಳನ್ನು ಹೊರಡುವಾಗ ದಯವಿಟ್ಟು ಬದಿಗೆ ಎಸೆದು ಹೋಗಿ. ಅಷ್ಟು ಸಣ್ಣ ಕಲ್ಲು ಕಂಡು ಬ್ರೇಕ್ ಹಾಕುವಂತೆ ಈ ಕಾರುಗಳನ್ನು ಮಾಡಿಲ್ಲ, ಬೈಕ್ ಸವಾರನಿಗಂತೂ ಯಾವ ರಾಡಾರೂ ಇಲ್ಲ.