ಕೊರತೆ ನೀರಾವರಿ: ಗೋಧಿಗೆ ಯಾವ ನೀರು ತಪ್ಪಿಸಬಹುದು?

ಈ ಹೆಸರು ಕೇಳಿದರೆ ಬತ್ತಿದ ಬಾವಿ, ಬಾಡಿ ನಿಂತ ಬೆಳೆ ಕಣ್ಣ ಮುಂದೆ ಬರುತ್ತವೆ, ಅಲ್ವಾ? ಅದು ನೀರಿನ ಕೊರತೆ. ಕೊರತೆ ನೀರಾವರಿ ಬೇರೆ. ಎಲ್ಲಾ ಸಲ ನೀರು ಹಾಯಿಸುವಷ್ಟು ಇಲ್ಲ ಅಂತ ಗೊತ್ತಿದ್ದಾಗ, ಯಾವುದನ್ನು ಬಿಟ್ಟರೆ ನಷ್ಟ ಕಡಿಮೆ ಅಂತ ಲೆಕ್ಕ ಹಾಕಿ ಬೇಕಂತಲೇ ಬಿಡುವುದು.

ಗೋಧಿಯನ್ನೇ ನೋಡಿ. ಪಂಜಾಬ್, ಹರಿಯಾಣದ ಕಡೆ ಸಾಮಾನ್ಯವಾಗಿ 4ರಿಂದ 6 ಸಲ ನೀರು ಕೊಡುತ್ತಾರೆ. ಒಂದೇ ಸಲಕ್ಕೆ ಆಗುವಷ್ಟು ನೀರಿದ್ದರೆ? ಬಿತ್ತಿದ 20–25 ದಿನಕ್ಕೆ, ಮುಕುಟ ಬೇರು, ಅಂದರೆ ಗಿಡದ ಬುಡದಿಂದ ಹೊರಡುವ ಬೇರು, ಬಿಡುವಾಗ ಕೊಡಬೇಕು. ಗಿಡವನ್ನು ಮುಂದೆ ಸಾಕುವುದು ಈ ಬೇರುಗಳೇ. ಆಗ ಮೇಲ್ಮಣ್ಣು ಒಣಗಿದ್ದರೆ ಬೇರು ಸರಿಯಾಗಿ ಇಳಿಯುವುದಿಲ್ಲ, ಮರಿ (ಬುಡದಿಂದ ಬರುವ ಪಕ್ಕದ ಕವಲು) ಕಡಿಮೆ ಒಡೆಯುತ್ತವೆ, ಮರಿ ಕಡಿಮೆಯಾದರೆ ತೆನೆಯೂ ಕಡಿಮೆ, ಆಮೇಲೆ ಕೆರೆಯನ್ನೇ ತಂದು ಸುರಿದರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ. ಇನ್ನೊಂದು ಸಲಕ್ಕೆ ನೀರಿದ್ದರೆ ಹೂವಾಡುವ ಹೊತ್ತಿಗೆ ಇಟ್ಟುಕೊಳ್ಳಿ.

ಕೊನೆಕೊನೆಯ ನೀರು ತಪ್ಪಿದರೆ ಪೆಟ್ಟು ಬೀಳುವುದು ಹೆಚ್ಚಾಗಿ ಕಾಳಿನ ತೂಕಕ್ಕೆ. ಹಾಲು ತುಂಬುವ ದಿನಗಳು ಕಡಿಮೆಯಾಗಿ, ಕಾಳು ಸುಕ್ಕುತ್ತದೆ. ತಮಾಷೆ ಅಂದರೆ ಪರೀಕ್ಷೆ ಮಾಡಿಸಿದರೆ ಪ್ರೋಟೀನ್ ಮಾತ್ರ ಜಾಸ್ತಿ ತೋರಿಸುತ್ತದೆ! ಪ್ರೋಟೀನಿಗೆ ಬೇಕಾದ ಸಾರಜನಕ ಬಹುಪಾಲು ಎಲೆ, ಕಾಂಡದಲ್ಲಿ ಮೊದಲೇ ಕೂಡಿಟ್ಟದ್ದು, ಅದು ಕಾಳಿಗೆ ಇಳಿದುಬಿಡುತ್ತದೆ. ಪಿಷ್ಟ ಹೆಚ್ಚಾಗಿ ಆಗಿಂದಾಗ ತಯಾರಾಗಿ ತುಂಬಬೇಕು, ಬರದ ಏಟು ಅದಕ್ಕೇ ಜೋರು. ಸುಮ್ನೆ ಒಂದು ಲೆಕ್ಕ ಹಾಕೋಣ: 15 ಕ್ವಿಂಟಲ್ ಗೋಧಿಯಲ್ಲಿ 11% ಅಂದರೆ 165 ಕಿಲೋ ಪ್ರೋಟೀನ್, 12 ಕ್ವಿಂಟಲ್‌ನಲ್ಲಿ 13% ಅಂದರೆ 156 ಕಿಲೋ. ಶೇಕಡಾ ಏರಿತು, ಒಟ್ಟು ಇಳಿಯಿತು. ಹಾಗಾಗಿ "ನೀರು ಕಡಿಮೆ ಮಾಡಿದರೆ ಗುಣಮಟ್ಟ ಹೆಚ್ಚುತ್ತದೆ" ಅನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸುಕ್ಕಿದ ಕಾಳಿನಲ್ಲಿ ಹೊಟ್ಟು ಜಾಸ್ತಿ, ರವೆ ಕಡಿಮೆ.

ರವೆ, ಶಾವಿಗೆಗೆ ಹೋಗುವ ಗಟ್ಟಿ ಗೋಧಿಯ ಕಥೆ ಸ್ವಲ್ಪ ಬೇರೆ. ನೀರು ಜಾಸ್ತಿಯಾಗಿ ಸಾರಜನಕ ಸಾಲದೆ ಹೋದರೆ ಅದರ ಗಾಜಿನಂಥ ಕಾಳಿನಲ್ಲಿ ಹಿಟ್ಟುಹಿಟ್ಟಾದ ಮಚ್ಚೆ ಬೀಳುತ್ತದೆ, ವ್ಯಾಪಾರಿ ಬೆಲೆ ಇಳಿಸುತ್ತಾನೆ. ಇಲ್ಲಿ ಕೊನೆಯ ನೀರಿನಲ್ಲಿ ಜಿಪುಣತನ ಕೆಲಸಕ್ಕೆ ಬರಬಹುದು.

ಅಂದಹಾಗೆ, ವಿಜಯಪುರ, ಧಾರವಾಡದ ಕಡೆ ಎರೆ ಹೊಲದ ತೇವದಲ್ಲೇ ಹಿಂಗಾರಿಗೆ ಬೆಳೆಯುವ ಗೋಧಿಗೆ ಕೊರತೆ ನೀರಾವರಿ ಅನ್ನುವ ಹೆಸರು ಹೊಂದುವುದಿಲ್ಲ. ಅಲ್ಲಿ ತಪ್ಪಿಸುವುದಕ್ಕೆ ನೀರೇ ಇರುವುದಿಲ್ಲ, ಅದು ಮಳೆಯಾಶ್ರಿತ ಬೆಳೆ.